ಬೈಕ್ ಸಾಗಿಸೋ ಡಬ್ಬಿಯಲ್ಲೇ ಮಲಗೋದು ಹೇಗೆ?

ಮೋಟಾರ್‌ಸೈಕಲ್ ರೇಸ್ ಅಂದ ತಕ್ಷಣ ಕಣ್ಣ ಮುಂದೆ ಬರೋದು ಏನು? ವೇಗ. ಮೊಣಕಾಲು ನೆಲಕ್ಕೆ ಸವರಿಕೊಂಡು ತಿರುವಿನಲ್ಲಿ ಬಾಗುವ ಸವಾರ. ಟಿವಿಯಲ್ಲಿ ನಾವು ತೋರಿಸೋದೂ ಅಷ್ಟನ್ನೇ. ಆ ಸವಾರ ಹಿಂದಿನ ರಾತ್ರಿ ಎಲ್ಲಿ ಮಲಗಿದ್ದ ಅಂತ ಯಾರೂ ಕೇಳಲ್ಲ. ಮೋಟೋಜಿಪಿ ಸ್ಟಾರ್‌ಗಳ ಬಗ್ಗೆ ಚಿಂತೆ ಬೇಡ, ಅವರಿಗೆ ಬಸ್ಸಿನಷ್ಟು ದೊಡ್ಡ ಮೋಟಾರ್‌ಹೋಮ್ ಇರುತ್ತೆ. ನಾನು ಹೇಳ್ತಿರೋದು ಬೇರೆಯವರ ಬಗ್ಗೆ. ಸೋಮವಾರದಿಂದ ಗುರುವಾರದವರೆಗೆ ಆಫೀಸಲ್ಲಿ ಕೋಡ್ ಬರೆದು, ಸ್ವಂತ ದುಡ್ಡಲ್ಲಿ ಟೈರ್ ಕೊಂಡು, ಶುಕ್ರವಾರ ಟ್ರ್ಯಾಕ್‌ಗೆ ಹೊರಡುವ ಕ್ಲಬ್ ರೇಸರ್‌ಗಳ ಬಗ್ಗೆ.

ಅಮೆರಿಕದಲ್ಲಿ ಇಂಥವರು ಸಾವಿರಾರು ಮಂದಿ ಇದ್ದಾರೆ. ನನ್ನ ಇಂಜಿನಿಯರಿಂಗ್ ಬ್ಯಾಚ್‌ಮೇಟ್ ಒಬ್ಬ, ದಾವಣಗೆರೆ ಹುಡುಗ, ಅವರಲ್ಲಿ ಒಬ್ಬ. ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇದ್ದಾನೆ. ಕ್ಯಾಲಿಫೋರ್ನಿಯಾದ ಎಎಫ್‌ಎಂ, ಅಂದರೆ ಅಮೆರಿಕನ್ ಫೆಡರೇಷನ್ ಆಫ್ ಮೋಟಾರ್‌ಸೈಕ್ಲಿಸ್ಟ್ಸ್ ಅನ್ನೋ ಕ್ಲಬ್ಬಿನ ರೇಸ್‌ಗಳಲ್ಲಿ 600 ಸಿಸಿ ಬೈಕ್ ಓಡಿಸ್ತಾನೆ. ಸೊನೋಮಾ, ಬಟನ್‌ವಿಲೋ, ಥಂಡರ್‌ಹಿಲ್ ಇವರ ಟ್ರ್ಯಾಕ್‌ಗಳು. ಥಂಡರ್‌ಹಿಲ್ ಇರೋದು ವಿಲೋಸ್ ಅನ್ನೋ ಸಣ್ಣ ಊರಿನ ಹತ್ತಿರ, ಸ್ಯಾನ್ ಫ್ರಾನ್ಸಿಸ್ಕೋದಿಂದ ಸುಮಾರು 240 ಕಿಲೋಮೀಟರ್. ಬೇಸಿಗೆಯಲ್ಲಿ ನಮ್ಮ ರಾಯಚೂರಿನಂಥ ಬಿಸಿಲು. ಹೋಟೆಲ್‌ನಲ್ಲಿ ರೂಮ್ ಮಾಡಬಹುದಲ್ಲ ಅಂತ ಕೇಳಿದೆ. "ಲೇ, ನಾನು ರೂಮಲ್ಲಿ ಮಲಗಿದ್ರೆ ಬೈಕ್ ಕಾಯೋರು ಯಾರಲೇ? ಬೆಳಿಗ್ಗೆ ಏಳಕ್ಕೆ ಬೈಕ್ ಚೆಕಿಂಗ್‌ಗೆ ಲೈನ್ ನಿಲ್ಲೋರು ಯಾರು?" ಅಂದ. ನಿದ್ದೆ ಕೆಟ್ಟ ಕಣ್ಣಲ್ಲಿ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಿಡಿಯೋ ಜಾಗ ಹುಡುಕೋದು ಅಂದರೆ ಏನು ಅಂತ ನೀವೇ ಯೋಚನೆ ಮಾಡಿ.

ಅದಕ್ಕೆ ಅವರು ಕಂಡುಕೊಂಡ ದಾರಿ ಕಾರ್ಗೋ ಟ್ರೇಲರ್. ಏನಿದು? ನಮ್ಮ ಕಂಟೇನರ್ ಲಾರಿಯ ಮರಿ ಅಂದ್ಕೊಳ್ಳಿ. ಉಕ್ಕಿನ ಚೌಕಟ್ಟು, ಅದರ ಮೇಲೆ ತೆಳು ಅಲ್ಯೂಮಿನಿಯಂ ಹೊದಿಕೆ, ಪ್ಲೈವುಡ್ ನೆಲ, ಹಿಂದುಗಡೆ ಕೆಳಕ್ಕೆ ಬಿದ್ದು ಇಳಿಜಾರಾಗುವ ಬಾಗಿಲು. ಎಂಜಿನ್ ಇಲ್ಲ. ಪಿಕಪ್ ಗಾಡಿ ಎಳೆದುಕೊಂಡು ಹೋಗುತ್ತೆ. ಬೈಕ್ ಮತ್ತು ಮನೆ ಎರಡನ್ನೂ ಹೊರುವ ರೆಡಿಮೇಡ್ ಗಾಡಿಗಳು ಅಲ್ಲಿ ಸಿಗುತ್ತವೆ, 'ಟಾಯ್ ಹಾಲರ್' ಅಂತಾರೆ. ಆದರೆ ಬೆಲೆ ಕೇಳಿದರೆ ರೇಸೇ ಬೇಡ ಅನ್ನಿಸುತ್ತೆ. ಖಾಲಿ ಡಬ್ಬಿ ಅದರ ಒಂದು ಪಾಲಿಗೆ ಬರುತ್ತೆ. ಉಳಿದದ್ದು ಡ್ರಿಲ್ಲಿಂಗ್ ಮಷಿನ್, ಗರಗಸ ಮತ್ತು ನಾಲ್ಕೈದು ಭಾನುವಾರ.

ಎಲ್ಲರೂ ಮೊದಲು ಯೋಚನೆ ಮಾಡೋದು ಮಂಚದ ಬಗ್ಗೆ. ನನ್ನ ಪ್ರಕಾರ ಮೊದಲು ಯೋಚಿಸಬೇಕಾದ್ದು ತೂಕದ ಬಗ್ಗೆ. ಇಲ್ಲಿ ನನ್ನೊಳಗಿನ ಇಂಜಿನಿಯರ್ ಸ್ವಲ್ಪ ಎದ್ದು ಕೂರ್ತಾನೆ, ಸಹಿಸ್ಕೊಳ್ಳಿ.

ಗೆಳೆಯನ ಟ್ರೇಲರ್ 7 ಅಡಿ ಅಗಲ, 14 ಅಡಿ ಉದ್ದ, ಎರಡು ಆಕ್ಸಲ್‌ನದ್ದು. ಖಾಲಿ ಇದ್ದಾಗ ಹತ್ತಿರ ಹತ್ತಿರ ಒಂದು ಟನ್. ಎರಡು ಬೈಕ್ ಸೇರಿದರೆ ಸುಮಾರು 400 ಕೆಜಿ. ಆಮೇಲೆ ಹೆಚ್ಚುವರಿ ಚಕ್ರಗಳು, ಟೂಲ್ ಬಾಕ್ಸ್, ಜನರೇಟರ್, ನೀರು, ಮಂಚ, ಗೋಡೆಗೆ ಹೊಡೆದ ಪ್ಲೈವುಡ್. ಲೆಕ್ಕ ಹಾಕಿದರೆ 1,850 ಕೆಜಿ ಆಸುಪಾಸು. ಇಷ್ಟು ತೂಕವನ್ನು ಆಕ್ಸಲ್ ತಡೆಯುತ್ತೆ. ಪ್ರಶ್ನೆ ಇರೋದು ತೂಕ ಎಷ್ಟು ಅನ್ನೋದರಲ್ಲಿ ಅಲ್ಲ, ಎಲ್ಲಿ ಅನ್ನೋದರಲ್ಲಿ.

ಎಳೆಯುವ ಗಾಡಿಯ ಕೊಂಡಿಯ ಮೇಲೆ ಟ್ರೇಲರ್‌ನ ಮೂತಿ ಒಂದಿಷ್ಟು ಭಾರ ಹಾಕಬೇಕು. ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು. ನಮ್ಮ ಲೆಕ್ಕದಲ್ಲಿ 185ರಿಂದ 280 ಕೆಜಿ. ಅದಕ್ಕಿಂತ ಕಡಿಮೆ ಆದರೆ ಏನಾಗುತ್ತೆ? ಹೈವೇಯಲ್ಲಿ ಒಂದು ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗ ಟ್ರೇಲರ್‌ನ ಹಿಂಭಾಗ ಸಣ್ಣದಾಗಿ ಅಲುಗುತ್ತೆ. ಮುಂಭಾರ ಇದ್ದರೆ ಆ ಅಲುಗಾಟ ತಾನಾಗೇ ಸಾಯುತ್ತೆ. ಹಿಂಭಾರ ಇದ್ದು, ವೇಗ ಒಂದು ಮಿತಿ ದಾಟಿದ್ದರೆ ಪ್ರತಿ ಸಲ ಬಾಲ ಬೀಸಿದಾಗ ಹಿಂದಿನದಕ್ಕಿಂತ ಜೋರಾಗಿ ಬೀಸುತ್ತೆ. ಕೊನೆಗೆ ನಾಯಿಯನ್ನು ಬಾಲವೇ ಅಲ್ಲಾಡಿಸಿದ ಹಾಗೆ, ಎಳೆಯೋ ಗಾಡಿಯನ್ನೇ ಪಲ್ಟಿ ಹೊಡೆಸುತ್ತೆ. ಆ ಹೊತ್ತಲ್ಲಿ ಗಾಬರಿಯಿಂದ ಬ್ರೇಕ್ ಒತ್ತಿದರೆ ಇನ್ನೂ ಕೆಡುತ್ತೆ. ಆಕ್ಸಲರೇಟರ್‌ನಿಂದ ಕಾಲು ತೆಗೆದು, ಡ್ಯಾಶ್‌ಬೋರ್ಡ್ ಹತ್ತಿರ ಟ್ರೇಲರ್ ಬ್ರೇಕ್‌ಗೆ ಅಂತಲೇ ಇರೋ ಲಿವರ್ ಅನ್ನು ಕೈಯಲ್ಲಿ ಒತ್ತಬೇಕು. ಟ್ರೇಲರ್ ಹಿಂದಕ್ಕೆ ಜಗ್ಗಿದರೆ ಇಡೀ ಸಾಲು ನೆಟ್ಟಗಾಗುತ್ತೆ.

ಒಂದೂವರೆ ಅಡಿಯಲ್ಲಿ ಏನು ವ್ಯತ್ಯಾಸ ಆಗುತ್ತೆ ಅಂತ ಕೇಳೋರಿಗೆ ಒಂದು ಲೆಕ್ಕ. ಕೊಂಡಿಯಿಂದ ಆಕ್ಸಲ್‌ಗಳ ಮಧ್ಯಕ್ಕೆ 12 ಅಡಿ ಅಂತಿಟ್ಕೊಳ್ಳಿ. ಮಂಚಕ್ಕೆ ಜಾಗ ಸಾಲಲಿಲ್ಲ ಅಂತ 400 ಕೆಜಿಯ ಎರಡೂ ಬೈಕ್‌ಗಳನ್ನು ಒಂದೂವರೆ ಅಡಿ ಹಿಂದಕ್ಕೆ ಸರಿಸಿದಿರಿ. 400 ಗುಣಿಸು ಒಂದೂವರೆ, ಭಾಗಿಸು 12. ಕೊಂಡಿಯ ಮೇಲಿನ ಭಾರದಲ್ಲಿ 50 ಕೆಜಿ ಹೋಯಿತು! 200 ಇದ್ದದ್ದು 150 ಆಯಿತು, ಸುರಕ್ಷಿತ ಮಿತಿಯ ಕೆಳಗೆ ಬಂತು. ಹೈಸ್ಕೂಲಿನಲ್ಲಿ ಓದಿದ ಸನ್ನೆಕೋಲಿನ ಪಾಠ ಇಷ್ಟೇ. ಹಾಗಾಗಿ ಇವರು ನೆಲದ ಮೇಲೆ ಮೊದಲು ಬೈಕ್ ನಿಲ್ಲುವ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೀತಾರೆ, ಮಂಚ, ಕಪಾಟು ಎಲ್ಲ ಆಮೇಲೆ. ಎಲ್ಲ ತುಂಬಿದ ಮೇಲೆ ವೇಬ್ರಿಡ್ಜ್‌ಗೆ ಹೋಗಿ ಎರಡು ಸಲ ತೂಗ್ತಾರೆ. ಗಾಡಿಗೆ ಕಟ್ಟಿದ ಹಾಗೇ ಟ್ರೇಲರ್ ಚಕ್ರಗಳನ್ನು ಮಾತ್ರ ತಕ್ಕಡಿ ಮೇಲೆ ನಿಲ್ಲಿಸಿ ಒಂದು ಸಲ, ಬಿಚ್ಚಿ ಇಡೀ ಟ್ರೇಲರ್ ನಿಲ್ಲಿಸಿ ಇನ್ನೊಂದು ಸಲ. ಎರಡರ ವ್ಯತ್ಯಾಸವೇ ಕೊಂಡಿಯ ಮೇಲಿನ ಭಾರ.

ಬೈಕ್ ಕಟ್ಟೋದೂ ಒಂದು ವಿದ್ಯೆ. ಮುಂದಿನ ಚಕ್ರ ಒಂದು ಕಬ್ಬಿಣದ ಕಚ್ಚಿನಲ್ಲಿ ಕೂರುತ್ತೆ, ಎರಡು ಬದಿಗೂ ಪಟ್ಟಿ ಬಿಗೀತಾರೆ. ಆ ಪಟ್ಟಿಯ ಕೊಕ್ಕೆ ಬರೀ ಪ್ಲೈವುಡ್‌ಗೆ ಸ್ಕ್ರೂ ಹೊಡೆದಿದ್ದರೆ ಪ್ರಯೋಜನ ಇಲ್ಲ, ಕೆಳಗಿನ ಉಕ್ಕಿನ ಅಡ್ಡಪಟ್ಟಿಗೆ ಬೋಲ್ಟ್ ಆಗಿರಬೇಕು. ಜೋರು ಬ್ರೇಕ್ ಬಿದ್ದಾಗ 200 ಕೆಜಿ ಬೈಕ್ ಮುಂದಕ್ಕೆ ನುಗ್ಗೋದು ನೇರವಾಗಿ ನಿಮ್ಮ ಮಂಚದ ಮೇಲೆ.

ಮಂಚ ಅಂದರೆ ಸರಳ. ಗೋಡೆಗೆ ಕೀಲು ಹಾಕಿದ ಹಲಗೆ, ಮೇಲಕ್ಕೆ ಮಡಚಿದರೆ ಬೈಕ್‌ಗೆ ಜಾಗ, ಟ್ರ್ಯಾಕ್ ತಲುಪಿ ಬೈಕ್ ಹೊರಗಿಳಿಸಿ ಕೆಳಕ್ಕೆ ಬಿಟ್ಟರೆ ಮಲಗೋ ಕೋಣೆ. ಹೊರಗೆ ಟೆಂಟ್ ಹೊಡೆದರೆ ಅದೇ ವರ್ಕ್‌ಶಾಪ್. ಶೌಚಾಲಯ, ಸ್ನಾನ ಟ್ರ್ಯಾಕ್‌ನಲ್ಲೇ ಆಗುತ್ತೆ, ಕೈ ತೊಳೆಯೋಕೆ ನಲ್ಲಿ ಇರೋ ಒಂದು ಕ್ಯಾನ್ ಸಾಕು.

ಗೋಡೆ ಮಾತ್ರ ಅಷ್ಟು ಸರಳ ಅಲ್ಲ. ತೆಳು ಅಲ್ಯೂಮಿನಿಯಂ ಡಬ್ಬಿ ಹಗಲು ಒಲೆ, ರಾತ್ರಿ ಫ್ರಿಜ್. ಹಾಗಾಗಿ ಉಕ್ಕಿನ ಕಂಬಗಳ ನಡುವೆ ಒಂದು ಇಂಚಿನ ಫೋಮ್ ಹಲಗೆ ತುಂಬಿ, ಮೇಲೆ ತೆಳು ಪ್ಲೈವುಡ್ ಹೊಡೀತಾರೆ. ಆದರೂ ಉಕ್ಕಿನ ಕಂಬ ಇದ್ದ ಕಡೆಯಲ್ಲೆಲ್ಲ ಶಾಖ ನುಸುಳುತ್ತೆ. ಚಳಿಯ ರಾತ್ರಿ ಮಲಗಿದವರ ಉಸಿರಿನ ತೇವ ಅದೇ ತಣ್ಣನೆ ಲೋಹದ ಮೇಲೆ ನೀರಾಗಿ ಕೂತು ಹನಿ ಹನಿಯಾಗಿ ಇಳಿಯುತ್ತೆ. ಮಳೆಗಾಲದಲ್ಲಿ ಮಲೆನಾಡಿನ ಮನೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬೂಸ್ಟು ಬರುತ್ತೆ. ಮದ್ದು ಏನು? ಗಾಳಿ. ಚಾವಣಿಯಲ್ಲಿ 14 ಇಂಚಿನ ಚೌಕ ಕೊರೆದು ಫ್ಯಾನ್ ಕೂರಿಸೋದು. ಚಳಿ ಅಂತ ಎಲ್ಲ ಕಿಂಡಿ ಮುಚ್ಚೋದು ಮಾತ್ರ ಬೇಡವೇ ಬೇಡ. ಯಾಕೆ ಅಂತ ಮುಂದೆ ಹೇಳ್ತೀನಿ.

ಕರೆಂಟ್ ಲೆಕ್ಕ ನಮ್ಮ ಮನೆಯ ಯುಪಿಎಸ್ ಲೆಕ್ಕವೇ. 12.8 ವೋಲ್ಟ್, 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ ಅಂದರೆ 1,280 ವ್ಯಾಟ್ ಅವರ್. 30 ವ್ಯಾಟ್ ಫ್ಯಾನ್ ಎಂಟು ಗಂಟೆ ಓಡಿದರೆ 240. ಎಲ್‌ಇಡಿ ದೀಪ, ಫೋನ್ ಚಾರ್ಜ್, ಸಣ್ಣ ಫ್ರಿಜ್ ಎಲ್ಲ ಸೇರಿ ಒಂದು ದಿನ ಆರಾಮ. ಆದರೆ ಎಸಿ? 1,300 ವ್ಯಾಟ್ ಎಳೆಯೋ ಎಸಿ ಹಾಕಿದರೆ ಒಂದು ಗಂಟೆಯೊಳಗೆ ಬ್ಯಾಟರಿ ಖಾಲಿ. ರೇಸರ್‌ಗಳಿಗೆ ಇನ್ನೊಂದು ಕಾಟ ಇದೆ, ಟೈರ್ ವಾರ್ಮರ್. ರೇಸ್‌ಗೆ ಮುಂಚೆ ಟೈರ್ ಬಿಸಿ ಮಾಡೋಕೆ ಸುತ್ತುವ ಕಂಬಳಿ ಅದು. ಮುಂದೆ ಹಿಂದೆ ಸೇರಿದ ಒಂದು ಜೊತೆಯೇ ನೂರಾರು ವ್ಯಾಟ್ ನುಂಗುತ್ತೆ. ಹಾಗಾಗಿ ಪಿಟ್‌ನಲ್ಲಿ ಎಲ್ಲಿ ನೋಡಿದರೂ ಜನರೇಟರ್.

ಈಗ ಅಸಲಿ ವಿಷಯಕ್ಕೆ ಬರೋಣ. ಜನರೇಟರ್.

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರ ಹತ್ತಿರ ಹೆದ್ದಾರಿ ಬದಿ ನಿಂತಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಶವವಾಗಿ ಸಿಕ್ಕರು. ಕಲ್ಲಿಕೋಟೆ ಎನ್‌ಐಟಿ ತಜ್ಞರು ಪರೀಕ್ಷೆ ಮಾಡಿದಾಗ ತಿಳಿದದ್ದು, ಜನರೇಟರ್‌ನ ಕಾರ್ಬನ್ ಮಾನಾಕ್ಸೈಡ್ ನೆಲದಲ್ಲಿದ್ದ ರಂಧ್ರದಿಂದ ಒಳಗೆ ಬಂದಿತ್ತು ಅಂತ. ನೆಲದ ಒಂದು ರಂಧ್ರ! ಟ್ರೇಲರ್ ಮನೆ ಮಾಡೋರು ವೈರ್ ಹಾಕೋಕೆ, ಪೈಪ್ ಬಿಡೋಕೆ ಇಂಥ ಎಷ್ಟು ರಂಧ್ರ ಕೊರೀತಾರೆ ಗೊತ್ತಾ?

ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತೆ. ಉಸಿರಾಟ ನಡೀತಾನೇ ಇರುತ್ತೆ, ದೇಹಕ್ಕೆ ಆಮ್ಲಜನಕ ಮಾತ್ರ ಸಿಗಲ್ಲ. ಎಚ್ಚರ ಇದ್ದವರಿಗೆ ತಲೆನೋವು, ವಾಕರಿಕೆ ಬರುತ್ತೆ. ಮಲಗಿದವರಿಗೆ ಅದೂ ಗೊತ್ತಾಗಲ್ಲ. ಬಾತ್‌ರೂಮಿನ ಗ್ಯಾಸ್ ಗೀಸರ್ ಸಾವಿನ ಸುದ್ದಿಗಳನ್ನು ಸ್ಟುಡಿಯೋದಲ್ಲಿ ಕೂತು ನಾನೇ ಎಷ್ಟೋ ಸಲ ಓದಿದ್ದೇನೆ. ಎಲ್ಲದರಲ್ಲೂ ಅದೇ ಕಥೆ. ಮುಚ್ಚಿದ ಕಿಟಕಿ, ಉರಿಯುವ ಇಂಧನ, ಬಾಗಿಲು ಒಡೆದ ಅಕ್ಕಪಕ್ಕದವರು.

ಹಾಗಾದರೆ ಏನು ಮಾಡಬೇಕು? ಜನರೇಟರ್ ಟ್ರೇಲರ್‌ನಿಂದ ಕನಿಷ್ಠ 20 ಅಡಿ ದೂರ ಇರಬೇಕು, ಹೊಗೆ ಕೊಳವೆಯ ಮುಖ ಆಚೆ ಕಡೆಗಿರಬೇಕು. ಇದು ನಿಮ್ಮ ಜನರೇಟರ್‌ಗಷ್ಟೇ ಅಲ್ಲ, ಪಕ್ಕದವನ ಜನರೇಟರ್‌ಗೂ ಅನ್ವಯ, ಪಿಟ್‌ನಲ್ಲಿ ಟ್ರೇಲರ್‌ಗಳು ಸಾಲಾಗಿ ಒತ್ತೊತ್ತಾಗಿ ನಿಂತಿರುತ್ತವೆ. ಮಲಗುವಾಗ ಆಫ್. ಒಳಗೆ ಬ್ಯಾಟರಿಯ ಮೇಲೆ ನಡೆಯುವ ಅಲಾರಂ ದಿಂಬಿನ ಹತ್ತಿರ. ಗ್ಯಾಸ್ ಹೀಟರ್ ಹಚ್ಚಿಕೊಂಡು ಮಲಗೋದು ಬೇಡ. ನಾನು ಥಂಡರ್‌ಹಿಲ್‌ಗೆ ಹೋಗಿದ್ದಾಗ ರಾತ್ರಿ ಒಂಬತ್ತೂವರೆಗೆ ಗೆಳೆಯ ಟಾರ್ಚ್ ಹಿಡಿದು ಎರಡೂ ಕಡೆಯ ಪಕ್ಕದವರ ಬಾಗಿಲು ತಟ್ಟಿ, ಜನರೇಟರ್ ಆರಿಸಿದ್ದೀರಾ ಅಂತ ವಿಚಾರಿಸಿ ಬಂದ. ಸಂಕೋಚ ಆಗಲ್ವಾ ಅಂದೆ. "ಸಂಕೋಚ ಮಾಡ್ಕೊಂಡು ಸಾಯ್ಲಾ?" ಅಂದ.

ಎರಡನೇ ಅಪಾಯ ಪೆಟ್ರೋಲ್. ಇದರ ಆವಿ ಗಾಳಿಗಿಂತ ಮೂರ್ನಾಲ್ಕು ಪಟ್ಟು ಭಾರ, ಮೇಲೆ ಹೋಗಲ್ಲ, ನೆಲದಲ್ಲೇ ಹರಡುತ್ತೆ. ಚಾವಣಿಯ ಫ್ಯಾನ್ ಇದೆಯಲ್ಲ ಅಂದರೆ ಸಾಲದು, ನೆಲದ ಮಟ್ಟದಲ್ಲೂ ಗಾಳಿಕಿಂಡಿ ಬೇಕು. ಗಾಳಿಯಲ್ಲಿ ಶೇಕಡಾ ಒಂದೂವರೆಯಷ್ಟು ಆವಿ ಸೇರಿದರೂ ಒಂದು ಕಿಡಿ ಸಾಕು. ರೆಫ್ರಿಜರೇಟರ್‌ನ ಸ್ವಿಚ್ ಕಿಡಿಯೂ ಕಿಡಿಯೇ. ಆದ್ದರಿಂದ ಕ್ಯಾನ್‌ಗಳು ರಾತ್ರಿ ಹೊರಗೆ. ಬೈಕ್ ಕೂಡ ಹೊರಗೆ, ಟೆಂಟ್ ಕೆಳಗೆ, ಸರಪಳಿ ಹಾಕಿ. ಕಳ್ಳರ ಭಯಕ್ಕೆ ಬೈಕ್ ಒಳಗಿಟ್ಟು ಪಕ್ಕದಲ್ಲೇ ಮಲಗೋರೂ ಇದ್ದಾರೆ. ಅದು ನನಗೆ ಒಪ್ಪಿಗೆ ಇಲ್ಲ.

ಮೂರನೆಯದು ಬಹಳ ಜನರ ಗಮನಕ್ಕೇ ಬರಲ್ಲ. ಕಾರ್ಗೋ ಟ್ರೇಲರ್ ಸಾಮಾನಿಗೆ ಮಾಡಿದ್ದು. ಸಾಮಾನು ಒಳಗಿಂದ ಬಾಗಿಲು ತೆಗೆಯಲ್ಲ! ಹಿಂಬಾಗಿಲಿನ ಚಿಲಕ ಇರೋದು ಹೊರಗೆ. ಪಕ್ಕದ ಬಾಗಿಲಿಗೂ ಹಲವು ಸಲ ಹೊರಗಿನಿಂದಲೇ ಅಡ್ಡಪಟ್ಟಿ. ಯಾರೋ ತಮಾಷೆಗೆ ಎಳೆದರೂ ಒಳಗಿದ್ದವರು ಬಂದಿ. ಬೆಂಕಿ ಬಿದ್ದರೆ? ಪಕ್ಕದ ಬಾಗಿಲಿನ ಬೀಗ ಬದಲಾಯಿಸಿ ಒಳಗಿಂದ ತೆರೆಯುವ ಹಾಗೆ ಮಾಡೋದು, ಹೊರಗೆ ಜಿಗಿಯುವಷ್ಟು ದೊಡ್ಡ ಕಿಟಕಿ ಒಂದನ್ನು ಮಂಚದ ಹತ್ತಿರ ಇಡೋದು, ಬೆಂಕಿ ಆರಿಸುವ ಸಿಲಿಂಡರ್ ಅನ್ನು ಬಾಗಿಲ ಪಕ್ಕ ನೇತುಹಾಕೋದು. ಇವು ಮೂರೂ ಆಗುವವರೆಗೆ ಗೆಳೆಯ ಅದರಲ್ಲಿ ಒಂದು ರಾತ್ರಿಯೂ ಮಲಗಲಿಲ್ಲವಂತೆ, ಪಿಕಪ್‌ನ ಸೀಟಲ್ಲೇ ಮುದುಡಿಕೊಂಡಿದ್ದನಂತೆ.

ಇದನ್ನು ಇಲ್ಲೂ ಮಾಡಬಹುದಾ ಅಂತ ನೀವು ಕೇಳೇ ಕೇಳ್ತೀರಿ. ನಮ್ಮಲ್ಲಿ ರೇಸರ್‌ಗಳಿಗೇನೂ ಬರ ಇಲ್ಲ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರು, 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ಕೂಡ. ಬೆಂಗಳೂರಿನ ಹುಡುಗರು ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕ್‌ಗೆ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಬೈಕ್ ಸಾಗಿಸೋದು ಹೆಚ್ಚಾಗಿ ಪಿಕಪ್ ಗಾಡಿಯಲ್ಲಿ, ಮೇಲೊಂದು ಟಾರ್ಪಾಲ್ ಹೊದಿಸಿ. ಮಲಗೋದು ಲಾಡ್ಜ್‌ನಲ್ಲಿ.

ಕಾನೂನು ಏನು ಹೇಳುತ್ತೆ? ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಅದೇ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಮಾಲೀಕರು ಗಾಡಿ ಬದಲಾಯಿಸುವಂತಿಲ್ಲ. ಗೂಡ್ಸ್ ಗಾಡಿಯೊಳಗೆ ಮಂಚ ಹೊಡೆದು ಜನ ಮಲಗಿಸಿಕೊಂಡು ಹೊರಟರೆ ಹೆದ್ದಾರಿಯಲ್ಲಿ ಆರ್‌ಟಿಒ ಕೈಗೆ ಸಿಕ್ಕಿಬೀಳ್ತೀರಿ, ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ನೋಡೋದೂ ಅದನ್ನೇ. ಓಡುವಾಗ ಒಳಗೆ ಜನ ಕೂರೋದನ್ನಂತೂ ಯೋಚನೆಯೇ ಮಾಡಬೇಡಿ.

ಆದರೆ ಟ್ರ್ಯಾಕ್ ಪಕ್ಕ ನಿಂತ ಪಿಕಪ್ ಗಾಡಿಯಲ್ಲಿ ಬೈಕ್ ಕಾಯುತ್ತಾ ಮಲಗೋ ಮೆಕ್ಯಾನಿಕ್ ಹುಡುಗರು ನಮ್ಮಲ್ಲೂ ಇದ್ದಾರೆ. ಸೊಳ್ಳೆಗೆ ಹೆದರಿ ಟಾರ್ಪಾಲ್ ಬಿಗಿಯಾಗಿ ಕಟ್ಟಿ, ಪಕ್ಕದಲ್ಲೇ ಪೆಟ್ರೋಲ್ ಕ್ಯಾನ್ ಇಟ್ಟುಕೊಂಡು, ತಲೆ ಹತ್ತಿರ ಸೊಳ್ಳೆಬತ್ತಿ ಹಚ್ಚಿಕೊಂಡು ಮಲಗ್ತಾರೆ. ಈ ವಾರಾಂತ್ಯ ನಿಮ್ಮ ಟೀಮ್ ಹೊರಡ್ತಾ ಇದ್ದರೆ ಕ್ಯಾನ್ ಕೆಳಗಿಳಿಸಿ, ಟಾರ್ಪಾಲ್‌ನ ಎರಡು ಮೂಲೆ ಬಿಚ್ಚಿಡಿ, ಬತ್ತಿಯ ಬದಲು ಆ ಹುಡುಗನಿಗೆ ಒಂದು ಸೊಳ್ಳೆ ಪರದೆ ಕೊಡಿಸಿ.