ಕೆಚ್ಚಲಿನ ರಚನೆ ಅರಿತು ಹಾಲು ಕರೆಯಿರಿ

ಹೊರನೋಟಕ್ಕೆ ಒಂದೇ ಚೀಲದಂತೆ ಕಂಡರೂ ಹಸುವಿನ ಕೆಚ್ಚಲಿನಲ್ಲಿ 4 ಪ್ರತ್ಯೇಕ ಭಾಗಗಳಿರುತ್ತವೆ. ಎಮ್ಮೆಗೂ 4, ಕುರಿ, ಮೇಕೆಗಳಿಗೆ 2. ಒಂದು ಭಾಗದ ಹಾಲು ಇನ್ನೊಂದಕ್ಕೆ ಹರಿಯುವುದಿಲ್ಲ. ಆದ್ದರಿಂದ ಬಾವು ಬಂದು ಒಂದು ಭಾಗ ಪೂರ್ತಿ ಕೆಟ್ಟರೆ ಆ ಮೊಲೆಯ ಹಾಲು ನಿಂತಂತೆಯೇ.

ಪ್ರತಿ ಭಾಗದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹಾಲುಚೀಲಗಳು ದ್ರಾಕ್ಷಿ ಗೊಂಚಲಿನಂತೆ ಜೋಡಣೆಯಾಗಿರುತ್ತವೆ. ಇವು ರಕ್ತದಿಂದ ಪೋಷಕಾಂಶಗಳನ್ನು ಹೀರಿ ಹಾಲು ತಯಾರಿಸುತ್ತವೆ. 1 ಲೀಟರ್ ಹಾಲು ಆಗಬೇಕಾದರೆ ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹರಿಯಬೇಕು.

ಕರು ಚೀಪಿದಾಗ ಅಥವಾ ಕೆಚ್ಚಲನ್ನು ತೊಳೆದು ಒರೆಸಿದಾಗ ಮೆದುಳಿನ ಬುಡದ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಚೋದಕ ರಸ ರಕ್ತಕ್ಕೆ ಸೇರುತ್ತದೆ. ಆಗ ಹಾಲುಚೀಲಗಳು ಅದುಮಲ್ಪಟ್ಟು ಹಾಲು ಕೆಳಗಿಳಿಯುತ್ತದೆ. ತೊರೆ ಬಿಡುವುದೆಂದರೆ ಇದೇ. ಇದರ ಪ್ರಭಾವ ಕೆಲವೇ ನಿಮಿಷ ಇರುವುದರಿಂದ 5ರಿಂದ 7 ನಿಮಿಷಗಳೊಳಗೆ ಕರೆದು ಮುಗಿಸಬೇಕು. ಹೊಡೆತ, ಗದ್ದಲಗಳಿಂದ ಹಸು ಬೆದರಿದರೆ ತೊರೆ ನಿಲ್ಲುತ್ತದೆ. ಎಮ್ಮೆಯ ಹಾಲು ಬಹುಪಾಲು ಮೇಲಿನ ಹಾಲುಚೀಲಗಳಲ್ಲೇ ಉಳಿಯುವುದರಿಂದ ಅದನ್ನು ಕರೆಯಲು ಇನ್ನಷ್ಟು ತಾಳ್ಮೆ ಬೇಕು.

ಮೊಲೆತುದಿಯ ರಂಧ್ರವನ್ನು ಮುಚ್ಚುವ ಸ್ನಾಯು ಹಾಲು ಕರೆದ ಕೂಡಲೇ ಬಿಗಿಯಾಗುವುದಿಲ್ಲ. ಕನಿಷ್ಠ ಅರ್ಧ ಗಂಟೆ ಬೇಕು. ಅಷ್ಟರೊಳಗೆ ಹಸು ಸಗಣಿ, ಗಂಜಲದ ನೆಲದ ಮೇಲೆ ಮಲಗಿದರೆ ರೋಗಾಣುಗಳು ಒಳಹೊಕ್ಕು ಕೆಚ್ಚಲು ಬಾವು ಬರುವ ಸಂಭವ ಹೆಚ್ಚು. ಆದ್ದರಿಂದ ಹಾಲು ಕರೆದೊಡನೆ ಮೇವು ಹಾಕಿ ಹಸು ನಿಂತೇ ಇರುವಂತೆ ನೋಡಿಕೊಳ್ಳಬೇಕು. ಹೇಗೂ ಹಾಕುವ ಮೇವನ್ನು ಆ ಹೊತ್ತಿಗೆ ಹಾಕಿದರೆ ಸಾಕು; ಬೇರೆ ಖರ್ಚಿಲ್ಲ.