ಕಲ್ಯಾಣದ ಅರಸು, ಭೀಮೆಯ ಗಾಳ

ಮಳೆಗಾಲದ ಕೆಂಪು ನೀರು ಇಳಿದು ಭೀಮಾ ನದಿ ತಿಳಿಯಾದರೆ ಅಫಜಲಪುರ, ಜೇವರ್ಗಿ ಕಡೆಯ ದಂಡೆಗಳಲ್ಲಿ ಗಾಳ ಹಾಕಿ ಕೂತವರು ಕಾಣುತ್ತಾರೆ. ಬಿದಿರಿನ ಕೋಲು, ನೈಲಾನ್ ದಾರ, ದಾರದ ನಡುವೆ ಒಂದು ಬೆಂಡು, ತುದಿಯಲ್ಲಿ ಎರೆಹುಳು ಇಲ್ಲವೇ ಹಿಟ್ಟಿನ ಉಂಡೆ. ಬೆಂಡು ನಡುಗಿದರೆ ಮೀನು ಎರೆಯನ್ನು ಮೂಸುತ್ತಿದೆ ಎಂದರ್ಥ. ಆಗ ಕೈ ಅಲ್ಲಾಡಬಾರದು. ಬೆಂಡು ಓರೆಯಾಗಿ ಸರಸರ ಒಳಗೆ ಹೋದಾಗಲೇ ಕೋಲು ಎತ್ತಬೇಕು. ಮೇಲೆ ತೇಲುವುದನ್ನು ನೋಡಿ ತಳದಲ್ಲಿ ನಡೆಯುವುದನ್ನು ತಿಳಿಯುವ ಈ ವಿದ್ಯೆಯನ್ನು ಇಲ್ಲಿ ಯಾರೂ ಶಾಲೆಗೆ ಹೋಗಿ ಕಲಿತಿಲ್ಲ.

ತಣ್ಣೀರಿನ ಟ್ರೌಟ್ ಮೀನು ಹಿಡಿಯುವವರು ಇಂದು ಮೆಚ್ಚಿ ಬಳಸುವ ಜೋಡಿ ನೊಣದ ಗಾಳದ ಒಳಗುಟ್ಟೂ ಇದೇ. ಅಲ್ಲಿ ಬೆಂಡೇ ಒಂದು ಗಾಳ. ಕೋಳಿ ಕುತ್ತಿಗೆಯ ಗರಿ ಸುತ್ತಿ ಮಾಡಿದ ‘ಡ್ರೈ ಫ್ಲೈ’ ಎಂಬ ಹುಸಿ ನೊಣ ನೀರಿನ ಮೇಲೆ ತೇಲುತ್ತದೆ. ಅದರ ಕೊಕ್ಕೆಯ ಬಾಗಿಗೆ ಒಂದೆರಡು ಅಡಿ ಸಣ್ಣ ದಾರ ಕಟ್ಟಿ, ತುದಿಗೆ ಲೋಹದ ಮಣಿ ಪೋಣಿಸಿದ ಇನ್ನೊಂದು ಹುಸಿ ಹುಳು, ಅಂದರೆ ‘ನಿಂಫ್’, ಇಳಿಬಿಡುತ್ತಾರೆ. ಮೀನು ಮೇಲಿನದಕ್ಕೆ ಬಾಯಿ ಹಾಕಿದರೂ ಆಯಿತು. ಕೆಳಗಿನದನ್ನು ಕಚ್ಚಿದರೆ ಮೇಲಿನ ನೊಣ ತಟ್ಟನೆ ಮುಳುಗಿ ಸುದ್ದಿ ಕೊಡುತ್ತದೆ. ಮೇಫ್ಲೈ ಜಾತಿಯ ಹುಳುಗಳು ಬದುಕಿನ ಬಹುಪಾಲನ್ನು ನೀರೊಳಗಿನ ಮರಿಯಾಗಿಯೇ ಕಳೆದು, ರೆಕ್ಕೆ ಬಂದ ಮೇಲೆ ಒಂದೆರಡು ದಿನವಷ್ಟೇ ಹಾರಾಡುತ್ತವೆ. ಟ್ರೌಟ್ ಹೆಚ್ಚಾಗಿ ಮೇಯುವುದು ನೀರಿನೊಳಗೇ ಎಂಬುದಕ್ಕೆ ಕಾರಣ ಇದು.

ಇಷ್ಟು ಸರಳವಾದ ಜೋಡಣೆಯ ಹಿಂದೆ ಇಂಗ್ಲೆಂಡಿನಲ್ಲಿ ದೊಡ್ಡ ಜಗಳವೇ ನಡೆದಿತ್ತು. ಫ್ರೆಡರಿಕ್ ಹಾಲ್ಫರ್ಡ್ 1886ರಲ್ಲಿ ತೇಲುನೊಣಗಳ ಬಗ್ಗೆ ಪುಸ್ತಕ ಬರೆದರು. ಅವರ ಅನುಯಾಯಿಗಳಿಗೆ ಅದೇ ಶಾಸ್ತ್ರವಾಯಿತು: ಮೀನು ಮೇಲೆ ಬಂದು ನೊಣ ಹಿಡಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ಗಾಳ ಬೀಸಬೇಕು, ಉಳಿದದ್ದೆಲ್ಲ ಮರ್ಯಾದೆಗೆಟ್ಟ ಕೆಲಸ. ಜಿ.ಇ.ಎಂ. ಸ್ಕ್ಯೂಸ್ ಎಂಬ ವಕೀಲರು ಇದನ್ನು ಒಪ್ಪಲಿಲ್ಲ. ಹಿಡಿದ ಮೀನಿನ ಹೊಟ್ಟೆಯಲ್ಲಿ ಸಿಕ್ಕಿದ್ದನ್ನು ನೀರಿರುವ ಬಿಳಿ ಬಟ್ಟಲಿಗೆ ಹಾಕಿ ಪರೀಕ್ಷಿಸುತ್ತಿದ್ದ ಅವರು, ಮೀನು ತಿನ್ನುವುದನ್ನೇ ಕೊಡುವುದರಲ್ಲಿ ತಪ್ಪೇನು ಎಂದು ಕೇಳಿದರು. ಅವರ ಮೊದಲ ಪುಸ್ತಕ ಬಂದದ್ದು 1910ರಲ್ಲಿ. 1938ರಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ಈ ವಿಷಯಕ್ಕೇ ಒಂದು ಚರ್ಚೆ ಏರ್ಪಟ್ಟಿತು. ಆ ಎರಡು ಪಂಥಗಳನ್ನು ಒಂದೇ ದಾರಕ್ಕೆ ಕಟ್ಟಿದವರು ಮುಂದಿನ ತಲೆಮಾರಿನವರು. ಸ್ಕ್ಯೂಸ್ ಪರ ನನ್ನ ಒಲವು. ಮೀನಿನ ಹೊಟ್ಟೆ ನೋಡಿದವನ ಮಾತು ಮರ್ಯಾದೆಯ ಮಾತಿಗಿಂತ ಗಟ್ಟಿ.

ಆದರೆ ಮೀನಿನ ಆಹಾರದಿಂದಲೇ ಗಾಳದ ವಿದ್ಯೆ ಶುರುವಾಗಬೇಕೆಂಬ ಮಾತನ್ನು ನಮ್ಮ ನೆಲದಲ್ಲಿ ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ. ಆಳಂದದ ಈಶಾನ್ಯಕ್ಕಿರುವ ಬಸವಕಲ್ಯಾಣ ಆಗ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ರಚಿಸಿದ. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಆನೆ, ಕುದುರೆ, ಅಡುಗೆ, ಸಂಗೀತದ ಜೊತೆಗೆ ‘ಮತ್ಸ್ಯವಿನೋದ’ಕ್ಕೂ ಜಾಗವಿದೆ. ಸುಮಾರು 35 ಬಗೆಯ ಮೀನುಗಳನ್ನು ಅವನು ಹೆಸರಿಸುತ್ತಾನೆ: ಕಡಲಿನವು, ಹೊಳೆಯವು, ಪೊರೆ ಇರುವವು, ಇಲ್ಲದವು. ಯಾವುದಕ್ಕೆ ಹಿಟ್ಟಿನ ಉಂಡೆ, ಯಾವುದಕ್ಕೆ ಮಾಂಸ ಎಂದು ಹೇಳುತ್ತಾನೆ. ಒಂದೇ ಜಾಗದಲ್ಲಿ ತಿನಿಸು ಹಾಕಿ ಮೀನನ್ನು ರೂಢಿ ಮಾಡಿಸಿದ ಮೇಲೆ ಗಾಳ. ದಾರ, ಕೋಲು, ಕೊಕ್ಕೆಗಳ ವಿವರವೂ ಇದೆ. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ.

ಮೀನು ವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು. ಅಷ್ಟಾದರೂ ನಮ್ಮ ಮಕ್ಕಳಿಗೆ ಮಾನಸೋಲ್ಲಾಸ ಎಂದರೆ ಪರೀಕ್ಷೆಗೆ ಉರುಹೊಡೆಯುವ ಒಂದು ಹೆಸರು ಮಾತ್ರ. ನನಗೆ ಬೇಸರ ತರುವುದು ಇದೇ.

ಭೀಮೆಗೆ ಟ್ರೌಟ್ ಬರುವ ಮಾತಿಲ್ಲ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಸೀಮೆ ಇದು. ಆ ಮೀನಿಗೆ ಇಪ್ಪತ್ತರ ಒಳಗಿನ ನೀರು ಹಿತ. ಬ್ರಿಟಿಷರು ಅದನ್ನು ಕಾಶ್ಮೀರಕ್ಕೂ ನೀಲಗಿರಿಗೂ ತಂದು ಬಿಟ್ಟರು. ನಮಗಿರುವುದು ರೋಹು, ಕಾಟ್ಲಾ, ಬಾಳೆಮೀನು, ಕೊರವ. ಇವುಗಳಲ್ಲಿ ರೋಹುವಿನ ಹೆಸರು ಸೋಮೇಶ್ವರನ ‘ರೋಹಿತ’ವನ್ನು ನೆನಪಿಸುತ್ತದೆ. ಉಳಿದ ಹೆಸರುಗಳಲ್ಲಿ ಯಾವುದು ಭೀಮೆಯ ಯಾವ ಮೀನು ಎಂದು ಹೇಳಬಲ್ಲವರು ಗಾಣಗಾಪುರದ ಸಂಗಮದಲ್ಲಿ, ಅಮರ್ಜಾ ಜಲಾಶಯದಲ್ಲಿ ಬಲೆ ಬೀಸುವ ಹಿರಿಯರು. ಕಲಬುರಗಿಯ ಸಂಸ್ಕೃತ ಮತ್ತು ಪ್ರಾಣಿಶಾಸ್ತ್ರದ ಮೇಷ್ಟ್ರುಗಳು ಅವರ ಜೊತೆ ಕೂತು, ಹಿಡಿದ ಮೀನನ್ನು ಮುಂದಿಟ್ಟುಕೊಂಡು ಆ ಪಟ್ಟಿಯನ್ನು ಒಂದೊಂದಾಗಿ ಓದಬೇಕು. ಮತ್ಸ್ಯವಿನೋದದ ಒಂದು ಸಣ್ಣ ಕನ್ನಡ ಪುಸ್ತಕ, ಆ ಹಿರಿಯರು ಹೇಳಿದ ಹೆಸರುಗಳ ಸಮೇತ, ಅಫಜಲಪುರ, ಜೇವರ್ಗಿ, ಆಳಂದ ತಾಲ್ಲೂಕುಗಳ ಶಾಲೆಗಳಿಗೆ ಬರಲಿ.