ಒಂದು ಲ್ಯಾಪ್‌ಟಾಪ್, ಎರಡು ವಿಂಡೋಸ್: ಆ ಮೆನು ತೆಗೆಯುವುದು ಹೇಗೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಆ ನೆಪದಲ್ಲಿ ನಮ್ಮಲ್ಲಿ ಹಲವರು ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಿಸಿಕೊಂಡೆವು. ಕೆಲವರು ಲಿನಕ್ಸ್ ಪ್ರಯತ್ನಿಸಿದೆವು. ಹೊಸದನ್ನು ಹಳೆಯದರ ಪಕ್ಕದ ಪಾರ್ಟಿಷನ್ನಿನಲ್ಲಿ ಹಾಕಿದ್ದರೆ ಆನ್ ಮಾಡಿದಾಗಲೆಲ್ಲ ಒಂದು ಮೆನು ಎದುರಾಗುತ್ತದೆ. ಯಾವುದು ಬೇಕೆಂದು ಕೇಳಿ, ಸಾಮಾನ್ಯವಾಗಿ 30 ಸೆಕೆಂಡು ಕಾಯುತ್ತದೆ.

'ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ' ಎಂಬ ಸಲಹೆ ರೂಮಿನಲ್ಲೂ ಸಿಗುತ್ತದೆ, ಅಂಗಡಿಯಲ್ಲೂ ಸಿಗುತ್ತದೆ. ಆದರೆ ನಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದೇನು? ಪಾಸ್‌ಪೋರ್ಟ್, ಎಮಿರೇಟ್ಸ್ ಐಡಿ, ಕೆಲಸದ ಕರಾರಿನ ಸ್ಕ್ಯಾನ್ ಪ್ರತಿಗಳು, ಊರಿನಿಂದ ಬಂದ ಮಕ್ಕಳ ಫೋಟೋಗಳು. ಒಂದು ಮೆನುವಿಗಾಗಿ ಇವನ್ನು ಕಳೆದುಕೊಳ್ಳಬೇಕಿಲ್ಲ.

ಈ ಮೆನು ಒಂದು ಪಟ್ಟಿ, ಅಷ್ಟೇ. ಎಕ್ಸ್‌ಪಿ ಕಾಲದಲ್ಲಿ ಅದು ಬೂಟ್ ಡಾಟ್ ಐಎನ್‌ಐ ಎಂಬ ಸಣ್ಣ ಫೈಲಿನಲ್ಲಿತ್ತು. ವಿಸ್ಟಾ ಬಂದ ಮೇಲೆ ಬಿಸಿಡಿ ಎಂಬ ದತ್ತಾಂಶ ಕಡತಕ್ಕೆ ಹೋಯಿತು. ಹಳೆಯ ವಿಂಡೋಸಿನ ಪಾರ್ಟಿಷನ್ ಅಳಿಸಿದರೂ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. ಬಾಡಿಗೆದಾರ ಫ್ಲಾಟ್ ಖಾಲಿ ಮಾಡಿದ ಮೇಲೂ ಬಿಲ್ಡಿಂಗಿನ ಬೋರ್ಡಿನಲ್ಲಿ ಅವನ ಹೆಸರು ಉಳಿದ ಹಾಗೆ!

ಮೊದಲು ಎರಡು ಕೆಲಸ

ಮುಖ್ಯ ಫೈಲುಗಳನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ. ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬೂಟ್ ವ್ಯವಸ್ಥೆ ಬದಲಾದಾಗ ಕಂಪ್ಯೂಟರ್ ಅದನ್ನು ಕೇಳಬಹುದು. ಕಂಪೆನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಕೈಹಾಕದೆ ಐಟಿ ವಿಭಾಗಕ್ಕೆ ತಿಳಿಸಿ.

ಎರಡು ವಿಂಡೋಸ್ ಇದ್ದರೆ

ನಿಮಗೆ ಬೇಕಾದ ವಿಂಡೋಸ್ ಒಳಗೆ ಹೋಗಿ. ವಿಂಡೋಸ್ ಕೀ ಮತ್ತು ಆರ್ ಕೀ ಒಟ್ಟಿಗೆ ಒತ್ತಿ, ಎಂ-ಎಸ್-ಸಿ-ಓ-ಎನ್-ಎಫ್-ಐ-ಜಿ ಎಂದು ಎಂಟು ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. 'ಬೂಟ್' ಟ್ಯಾಬ್‌ನಲ್ಲಿ ಪಟ್ಟಿ ಕಾಣುತ್ತದೆ. ಎರಡೂ ಹೆಸರು ಒಂದೇ ಇದ್ದರೆ ಗಾಬರಿ ಬೇಡ. ನೀವು ಈಗ ಬಳಸುತ್ತಿರುವುದರ ಮುಂದೆ 'ಕರೆಂಟ್ ಓಎಸ್' ಎಂದಿರುತ್ತದೆ. ಅದನ್ನು 'ಸೆಟ್ ಆ್ಯಸ್ ಡಿಫಾಲ್ಟ್' ಮಾಡಿ. ಇನ್ನೊಂದನ್ನು ಆರಿಸಿ 'ಡಿಲೀಟ್', ನಂತರ 'ಓಕೆ' ಒತ್ತಿ ರೀಸ್ಟಾರ್ಟ್ ಮಾಡಿ. ಮೆನು ಇರುವುದಿಲ್ಲ.

ಇದರಿಂದ ಅಳಿಯುವುದು ಹೆಸರು ಮಾತ್ರ. ಹಳೆಯ ವಿಂಡೋಸಿನ ಫೈಲುಗಳು ಡಿಸ್ಕಿನಲ್ಲೇ ಇರುತ್ತವೆ. ಎರಡೂ ಬೇಕೆನ್ನುವವರು ಅದೇ ಟ್ಯಾಬ್‌ನಲ್ಲಿ 'ಟೈಮ್‌ಔಟ್' ಅನ್ನು 30ರಿಂದ 3 ಸೆಕೆಂಡಿಗೆ ಇಳಿಸಿದರೆ ಸಾಕು.

ಲಿನಕ್ಸ್ ಹಾಕಿದ್ದರೆ

ಆಗ ಬರುವುದು ಸಾಮಾನ್ಯವಾಗಿ ಗ್ರಬ್ ಎಂಬ ಬೇರೆಯೇ ಮೆನು. ಮೇಲಿನ ಉಪಾಯ ಇಲ್ಲಿ ನಡೆಯದು. ಲಿನಕ್ಸ್ ಬೇಡವೆಂದು ಅದರ ಪಾರ್ಟಿಷನ್ನನ್ನು ಮೊದಲೇ ಅಳಿಸಬೇಡಿ. ಗ್ರಬ್‌ಗೆ ಬೇಕಾದ ಫೈಲುಗಳು ಅಲ್ಲಿಯೇ ಇರುವುದರಿಂದ, ಕಪ್ಪು ಪರದೆಯ ಮೇಲೆ 'ಗ್ರಬ್ ರೆಸ್ಕ್ಯೂ' ಎಂದು ಬಂದು ವಿಂಡೋಸಿಗೂ ದಾರಿ ಸಿಗದಂತಾಗಬಹುದು. ಯುಇಎಫ್‌ಐ ಇರುವ ಹೊಸ ಯಂತ್ರಗಳಲ್ಲಿ ಬಯೋಸ್ ಸೆಟ್ಟಿಂಗಿಗೆ ಹೋಗಿ, ಬೂಟ್ ಕ್ರಮದಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಅನ್ನು ಮೊದಲಿಗೆ ತನ್ನಿ. ವಿಂಡೋಸ್ ನೇರವಾಗಿ ತೆರೆಯುವುದು ಖಾತ್ರಿಯಾದ ಮೇಲೆ ಲಿನಕ್ಸ್ ಪಾರ್ಟಿಷನ್ ತೆಗೆಯಿರಿ. ಹಳೆಯ ಬಯೋಸ್ ಯಂತ್ರವಾದರೆ ವಿಂಡೋಸ್ ಯುಎಸ್‌ಬಿಯಿಂದ ಬೂಟ್ ದುರಸ್ತಿ ಮಾಡಬೇಕಾಗುತ್ತದೆ. ಅದನ್ನು ತಿಳಿದವರ ಕೈಯಲ್ಲಿ ಮಾಡಿಸುವುದೇ ಒಳ್ಳೆಯದು.

ಬರ್ ದುಬೈಗೋ, ಅಬುಧಾಬಿಯ ಮುಸಫ್ಫಾಕ್ಕೋ, ಯಾವ ಅಂಗಡಿಗೆ ಒಯ್ದರೂ ಲ್ಯಾಪ್‌ಟಾಪ್ ಕೊಡುವ ಮೊದಲೇ ಹೇಳಿಬಿಡಿ: 'ಫಾರ್ಮ್ಯಾಟ್ ಬೇಡ, ಬೂಟ್ ಮೆನುವಿನಿಂದ ಹಳೆಯ ಹೆಸರು ತೆಗೆದರೆ ಸಾಕು.' ಇದು ಕೆಲವೇ ನಿಮಿಷಗಳ ಕೆಲಸವೆಂದು ಗೊತ್ತಿದ್ದರೆ, ದಿರ್ಹಮ್ ಎಷ್ಟು ಕೊಡಬೇಕೆಂದು ಮಾತಾಡುವಾಗಲೂ ಧೈರ್ಯವಿರುತ್ತದೆ.